ಐರನ್‌ಬ್ರಿಜ್ ಕಣಿವೆ: ಒಂದೇ ದಿನವಿದ್ದರೆ ಹೀಗೆ ನೋಡಿ

ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರುವ ಐರನ್‌ಬ್ರಿಜ್‌ಗೆ ಹೋಗುವವರು ಅದನ್ನು ಒಂದೇ ಮ್ಯೂಸಿಯಂ ಎಂದುಕೊಂಡು ಎಡವುತ್ತಾರೆ. ಅಲ್ಲಿರುವುದು ಸೆವರ್ನ್ ನದಿಯ ಕಣಿವೆಯುದ್ದಕ್ಕೂ ಚದುರಿಕೊಂಡ ಹಲವು ತಾಣಗಳು, ನಡುನಡುವೆ ಕಡಿದಾದ ಏರು. ಮಕ್ಕಳ ಜೊತೆ ಹೋದರೆ ಬ್ಲಿಸ್ಟ್ಸ್ ಹಿಲ್ ಎಂಬ ಮರುಕಟ್ಟಿದ ಪೇಟೆ, ಕೋಲ್‌ಬ್ರೂಕ್‌ಡೇಲ್‌ನ ಹಳೆಯ ಕುಲುಮೆ, ಕಬ್ಬಿಣದ ಸೇತುವೆ, ಈ ಮೂರೇ ಸಾಕು.

ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್‌ನಿಂದ ಟೆಲ್‌ಫರ್ಡ್ ಸೆಂಟ್ರಲ್‌ಗೆ ರೈಲು ಹಿಡಿಯಿರಿ. ಮುಕ್ಕಾಲು ಗಂಟೆಯ ಆಸುಪಾಸು. ಮುಂದಕ್ಕೆ ಬಸ್ ಅಥವಾ ಟ್ಯಾಕ್ಸಿ. ಬಸ್ಸಾದರೆ ವಾಪಸಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಟಿಕೆಟ್ ಬುಕ್ ಮಾಡುವಾಗ ಅದರಲ್ಲಿ ಯಾವ ಯಾವ ತಾಣ ಸೇರಿವೆ, ಆ ದಿನ ಅವು ತೆರೆದಿರುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಚಳಿಗಾಲದಲ್ಲಿ ಇದು ಇನ್ನೂ ಮುಖ್ಯ.

ಬಾಗಿಲು ತೆರೆಯುವ ಹೊತ್ತಿಗೆ ಬ್ಲಿಸ್ಟ್ಸ್ ಹಿಲ್‌ನಲ್ಲಿರಿ. ವಿಕ್ಟೋರಿಯಾ ಕಾಲದ ಪೇಟೆಯನ್ನು ಬಯಲಿನಲ್ಲಿ ಮರುಕಟ್ಟಿದ್ದಾರೆ. ಕನಿಷ್ಠ ಮೂರು ಗಂಟೆ ಬೇಕು, ಮಳೆಯಂಗಿಯೂ ಬೇಕು. ಮೊದಲು ಬ್ಯಾಂಕಿಗೆ ಹೋಗಿ ಇಂದಿನ ದುಡ್ಡು ಕೊಟ್ಟು ಹಳೆಯ ನಾಣ್ಯ ಪಡೆಯಿರಿ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಮಕ್ಕಳು ಅಂಗಡಿಯಲ್ಲಿ ಮಿಠಾಯಿ ಕೊಳ್ಳುತ್ತಲೇ ಈ ಲೆಕ್ಕ ಕಲಿಯುತ್ತಾರೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಇಲ್ಲಿ ಹಳೆಯ ಪದ್ಧತಿಯಂತೆ ಮೀನಿನ ಜೊತೆ ಚಿಪ್ಸನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಕೇಳದೆ ಕೊಳ್ಳಬೇಡಿ.

ಊಟದ ನಂತರ ಕೋಲ್‌ಬ್ರೂಕ್‌ಡೇಲ್. ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸಿ ಕಬ್ಬಿಣ ಕರಗಿಸಿದ ಊದುಕುಲುಮೆ ಇಲ್ಲಿದೆ. ಕಾಡು ಕಡಿದು ಇದ್ದಿಲು ಸುಡುವ ಕಟ್ಟುಪಾಡಿನಿಂದ ಕಬ್ಬಿಣದ ಉದ್ಯಮ ಬಿಡಿಸಿಕೊಂಡ ಜಾಗವಿದು. (ಎರಡು ಶತಮಾನ ಕಳೆದ ಮೇಲೂ ನಮ್ಮ ಭದ್ರಾವತಿ ಕಾರ್ಖಾನೆ ಇದ್ದಿಲಿನಿಂದಲೇ ಶುರುವಾಯಿತು; ಮಲೆನಾಡಿನಲ್ಲಿ ಕಟ್ಟಿಗೆ ಧಾರಾಳವಿತ್ತು.) ನೋಡುವುದಕ್ಕೆ ಇದು ಬರೀ ಇಟ್ಟಿಗೆಯ ಗೂಡು. ಪಕ್ಕದ ಮ್ಯೂಸಿಯಂ ಮೊದಲು ನೋಡದಿದ್ದರೆ ಮಕ್ಕಳು ಎರಡೇ ನಿಮಿಷಕ್ಕೆ ಆಕಳಿಸುತ್ತಾರೆ.

ಸೇತುವೆಯನ್ನು ಕೊನೆಗಿಡಿ. ಮ್ಯೂಸಿಯಂಗಳಂತೆ ಅದು ಸಂಜೆ ಮುಚ್ಚುವುದಿಲ್ಲ, ಟಿಕೆಟ್ಟೂ ಇಲ್ಲ. 1779ರಲ್ಲಿ ನಿಲ್ಲಿಸಿ 1781ರ ಹೊಸ ವರ್ಷದ ದಿನ ಸಂಚಾರಕ್ಕೆ ತೆರೆದ ಈ ಎರಕದ ಕಬ್ಬಿಣದ ಕಮಾನಿನ ಹರವು ಸುಮಾರು 30 ಮೀಟರ್. 1934ರಿಂದ ವಾಹನಗಳಿಗೆ ನಿಷೇಧ. ಸುಂಕದ ಮನೆಯ ಫಲಕ ಓದಿ: ಆಗ ರಾಜಮನೆತನದವರಿಗೂ ಸುಂಕದಿಂದ ವಿನಾಯಿತಿ ಇರಲಿಲ್ಲ.

ಮೇಲೆ ನಡೆದು ಫೋಟೊ ತೆಗೆದು ಹೊರಟುಬಿಟ್ಟರೆ ಅರ್ಧ ನೋಡಿದಂತೆ. ದಡಕ್ಕೆ ಇಳಿದು ಅಡಿಯಿಂದ ನೋಡಿ. ಕಬ್ಬಿಣ ಜೋಡಿಸುವ ಬೇರೆ ರೂಢಿ ಇನ್ನೂ ಇಲ್ಲದ್ದರಿಂದ ಬಡಗಿಗಳಂತೆ ತೂತಿನೊಳಗೆ ತುದಿ ತೂರಿಸಿ ಬೆಣೆ ಹೊಡೆದಿದ್ದಾರೆ. ಕೆಲವೆಡೆ ಬಿರುಕುಗಳೂ ಕಾಣುತ್ತವೆ: ಕಣಿವೆಯ ಎರಡೂ ಬದಿ ನದಿಯತ್ತ ಜರುಗುತ್ತ ಕಮಾನನ್ನು ಒತ್ತುತ್ತಿದ್ದವು. ಅದನ್ನು ತಡೆಯಲು 1970ರ ದಶಕದಲ್ಲಿ ನದಿಯ ತಳದಲ್ಲಿ, ಎರಡು ದಡಗಳ ನಡುವೆ ಕಾಂಕ್ರೀಟಿನ ಅಡ್ಡ ಆಸರೆ ಕೂರಿಸಿದರು. ಅದು ನೀರಿನಡಿಯಲ್ಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.