ತೂಕದ ಮಷೀನು, ಕೋಡುಬಳೆ ಡಬ್ಬಿ, ನನ್ನ ಟೇಪು

ಗೃಹಪ್ರವೇಶದ ಊಟ ಮುಗಿಸಿ ಬಂದ ಮರುದಿನ ಬೆಳಗ್ಗೆ ತೂಕದ ಮಷೀನು 82.9 ತೋರಿಸಿತು. ಹಿಂದಿನ ಬೆಳಗ್ಗೆ 81.6 ಇತ್ತು. ಮೂರು ವಾರದಿಂದ ಸಕ್ಕರೆ ಇಲ್ಲದ ಕಾಫಿ ಕುಡಿದಿದ್ದೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ ಗಾಡಿ ಮುಂದೆ ತಲೆ ತಗ್ಗಿಸಿಕೊಂಡು ಹೋಗಿದ್ದೆ. ಮಷೀನಿನಿಂದ ಇಳಿದವಳೇ ಅಡುಗೆಮನೆಗೆ ಹೋಗಿ, ನಿಂತಲ್ಲೇ ಕೋಡುಬಳೆ ಡಬ್ಬಿ ತೆಗೆದೆ. ಒಂಬತ್ತನೆಯದೋ ಹತ್ತನೆಯದೋ ಮುರಿಯುತ್ತಿದ್ದಾಗ ನಮ್ಮ ಮನೆಯವರು ಬಂದು, "ಹಲ್ಲಾದ್ರೂ ಉಜ್ಜಿದ್ಯೇನೇ?" ಅಂದರು. ಉಜ್ಜಿರಲಿಲ್ಲ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಊರ ಹೆಂಗಸರ ಅಳತೆ ತೆಗೆದಿದ್ದೇನೆ. ನನ್ನದನ್ನು ತೆಗೆದುಕೊಂಡಿದ್ದು ಮಾತ್ರ ಹೋದ ವರ್ಷ. ಹತ್ತು ತಿಂಗಳಲ್ಲಿ ಐದು ಕೆಜಿ ಇಳಿದಿದ್ದೇನೆ. ದೊಡ್ಡ ಸಾಧನೆ ಏನಲ್ಲ, ಗೊತ್ತು. ಆದರೆ ಅದಕ್ಕೂ ಮುಂಚೆ ಆರು ಸಲ ಇಳಿದು ಆರು ಸಲ ಹತ್ತಿದವಳು ನಾನು, ಹತ್ತಿಸಿದ್ದು ಪ್ರತಿ ಸಲವೂ ಆ ಡಬ್ಬಿಯೇ. ಡಬ್ಬಿಯ ಕಡೆ ಅಟ್ಟುತ್ತಿದ್ದುದರಲ್ಲಿ ಮಷೀನಿನ ಪಾಲು ಎಷ್ಟಿತ್ತು ಅಂತ ತಿಳಿದದ್ದು ತಡವಾಗಿ. ಅದಕ್ಕೇ ಮೊದಲು ಮಷೀನಿನ ವಿಷಯ.

ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದೇ ದಿನಕ್ಕೆ 1.3 ಕೆಜಿ ಕೊಬ್ಬು ಬರಬೇಕಾದರೆ ಮಾಮೂಲಿ ಊಟದ ಮೇಲೆ ಹತ್ತು ಸಾವಿರ ಕ್ಯಾಲೊರಿ ತಿಂದಿರಬೇಕು. ಹೋಳಿಗೆ ಒಂದಕ್ಕೆ ಮುನ್ನೂರು ಅಂತ ಹಿಡಿದರೂ ಮೂವತ್ತಮೂರು ಹೋಳಿಗೆ ಆಯಿತು. ನಾನು ತಿಂದಿದ್ದು ಎರಡು. ಆಯ್ತು, ಎರಡೂವರೆ.

ಹಾಗಾದರೆ ಮಿಕ್ಕಿದ್ದೇನು? ನೀರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿತ್ರಾನ್ನ ಎಲ್ಲದರಲ್ಲೂ ಉಪ್ಪು. ಉಪ್ಪು ಮೈಯಲ್ಲಿ ನೀರು ಹಿಡಿಯುತ್ತದೆ. ಅನ್ನ, ಹೋಳಿಗೆಯಿಂದ ಬಂದದ್ದರಲ್ಲಿ ಒಂದಿಷ್ಟನ್ನು ದೇಹ ಗ್ಲೈಕೋಜನ್ ಮಾಡಿ ಲಿವರಿನಲ್ಲೂ ಸ್ನಾಯುಗಳಲ್ಲೂ ಎತ್ತಿಡುತ್ತದೆ, ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕೆಜಿ ಇಳಿಯಿತು ಅಂತ ಕುಣಿಯುತ್ತೇವಲ್ಲ, ಅದೂ ಬಹುಪಾಲು ಇದೇ ನೀರು, ಈ ಸಲ ಆಚೆ ಹೋದದ್ದು. ಮುಟ್ಟಿನ ಮುಂಚಿನ ದಿನಗಳಲ್ಲಿ ಏರುತ್ತದೆ. ಹೊಟ್ಟೆ ಸರಿಯಾಗಿ ಖಾಲಿ ಆಗದಿದ್ದರೆ ಏರುತ್ತದೆ. ಹೊಸದಾಗಿ ವ್ಯಾಯಾಮ ಮಾಡಿ ಮೈಕೈ ನೋವು ಬಂದಾಗಲೂ ಏರುತ್ತದೆ.

ನಂಬಿಕೆ ಬರದಿದ್ದರೆ ನಾನು ಮಾಡಿದ್ದನ್ನೇ ಮಾಡಿ. ಮಷೀನಿನ ಮೇಲೆ ನಿಂತು ಅಂಕಿ ನೋಡಿಕೊಳ್ಳಿ. ಇಳಿದು ಅರ್ಧ ಲೀಟರಿನ ಬಾಟಲಿ ನೀರು ಪೂರ್ತಿ ಕುಡಿಯಿರಿ. ಮತ್ತೆ ಹತ್ತಿ. ಅರ್ಧ ಕೆಜಿ ಏರಿರುತ್ತದೆ. ಎರಡು ನಿಮಿಷದಲ್ಲಿ ನೀವೇನು ದಪ್ಪ ಆದಿರಾ? ನಾನು ಬಚ್ಚಲುಮನೆ ಬಾಗಿಲಲ್ಲಿ ಒಬ್ಬಳೇ ನಿಂತು ನಕ್ಕಿದ್ದೆ.

ತೂಕ ನೋಡುವ ಕ್ರಮ ಇಷ್ಟೇ. ಮಷೀನು ಟೈಲ್ಸ್ ಮೇಲಿರಲಿ, ಕಾಲೊರಸಿನ ಮೇಲೆ ಬೇಡ. ಇಟ್ಟ ಜಾಗ ಬದಲಿಸಬೇಡಿ. ಬೆಳಗ್ಗೆ ಕಕ್ಕಸಿಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ದಿನಾ ಒಂದೇ ತರದ ಬಟ್ಟೆಯಲ್ಲಿ ನೋಡಿ. ಬಂದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು ಮರೆತುಬಿಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಅದೊಂದನ್ನೇ ಹಿಂದಿನ ವಾರದ್ದರ ಜೊತೆ ಹೋಲಿಸಿ. ನನ್ನ ಎರಡು ವಾರ ಹೀಗಿತ್ತು: 78.4, 78.1, 78.9, 78.6, 78.0, 78.3, 78.3. ಮುಂದಿನ ವಾರ 78.2, 78.0, 79.3, 78.7, 78.0, 77.6, 77.5. ಎರಡನೆಯ ವಾರದ ನಡುವೆ ಒಂದು ನಾಮಕರಣ, ಆ 79.3 ಅಲ್ಲಿಂದ ಬಂದದ್ದು. ಹಳೆಯ ನಾನಾಗಿದ್ದರೆ ಅವತ್ತೇ ಡಬ್ಬಿಗೆ ಕೈ ಹಾಕಿರುತ್ತಿದ್ದೆ. ಸರಾಸರಿ ನೋಡಿದರೆ 78.4 ಇದ್ದದ್ದು 78.2ಕ್ಕೆ ಬಂದಿದೆ. ಮುಟ್ಟಾಗುವವರು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ಇನ್ನೂ ಸರಿ. ದಿನಾ ನೋಡುವುದರಿಂದಲೇ ಮನಸ್ಸು ಕೆಡುತ್ತದೆ ಅನ್ನುವವರು ವಾರಕ್ಕೊಮ್ಮೆ ನೋಡಿ. ಅದೂ ಕಷ್ಟವಾದರೆ ಮಷೀನನ್ನು ಅಟ್ಟಕ್ಕೆ ಹಾಕಿ. ನನ್ನದು ಎರಡು ತಿಂಗಳು ಅಲ್ಲೇ ಇತ್ತು.

ಇನ್ನು ಡಬ್ಬಿ. ಇದು ಮಷೀನಿನಷ್ಟು ಸುಲಭ ಅಲ್ಲ.

ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದರವರೆಗೂ ಹೊಲಿಯುತ್ತೇನೆ. ತಿನ್ನುವುದೆಲ್ಲ ಹತ್ತರ ಮೇಲೆ. ನರ್ಸಿಂಗ್ ಓದುತ್ತಿರುವ ಮಗಳು ಹೇಳಿದಳು, "ಅಮ್ಮಾ, ಏನೂ ಬಿಡ್ಬೇಡ, ತಿಂದಿದ್ದನ್ನ ಬರಿ ಸಾಕು. ಅದಕ್ಕೆ ಮುಂಚೆ ಏನಾಯ್ತು ಅನ್ನೋದನ್ನೂ ಬರಿ." ಬಿಲ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಹದಿನಾಲ್ಕು ದಿನ ಬರೆದೆ. ಅದರಲ್ಲಿ ಮೂರು ಸಾಲು:

10.40, ಕೋಡುಬಳೆ 6, ಮದುಮಗಳ ಅಮ್ಮನ ಫೋನು.
11.15, ಹಾಲಿನ ಪುಡಿ ಸಕ್ಕರೆ, ಮಗಳು ಫೋನ್ ಎತ್ತಲಿಲ್ಲ.
10.20, ಶೇಂಗಾ ಬೆಲ್ಲ, ಮಧ್ಯಾಹ್ನ ಊಟ ಇಲ್ಲ.

ಮೂರೂ ನನಗೆ 'ಬಾಯಿಚಪಲ' ಅಂತಲೇ ಅನ್ನಿಸಿತ್ತು. ಬರೆದ ಮೇಲೆ ನೋಡಿದರೆ ಒಂದು ಸಿಟ್ಟು, ಇನ್ನೊಂದು ಬೇಜಾರು, ಮೂರನೆಯದು ಶುದ್ಧ ಹಸಿವು. ಮೂರಕ್ಕೂ ಒಂದೇ ಔಷಧಿ ಆಗೋದಿಲ್ಲ.

ಹಸಿವಿನದ್ದು ಎಲ್ಲಕ್ಕಿಂತ ಸುಲಭ. ಗಿರಾಕಿ ಬಂದರು ಅಂತ ಊಟ ನಾಲ್ಕು ಗಂಟೆಗೆ ತಳ್ಳುತ್ತಿದ್ದೆ, ಕೆಲವು ದಿನ ಬಿಟ್ಟೇಬಿಡುತ್ತಿದ್ದೆ, 'ತೂಕ ಇಳೀತದೆ ಬಿಡು' ಅಂತ ಒಳಗೊಳಗೇ ಖುಷಿ ಬೇರೆ. ರಾತ್ರಿ ಅದರ ಬಡ್ಡಿ ಸಮೇತ ವಸೂಲಿ. ಈಗ ಒಂದೂವರೆಗೆ ಕತ್ತರಿ ಕೆಳಗಿಡುತ್ತೇನೆ, ಯಾರೇ ಕೂತಿರಲಿ. ಸಂಜೆ ಐದಕ್ಕೆ ಒಂದು ಹಿಡಿ ಹುರಿದ ಶೇಂಗಾ. ಇಷ್ಟರಿಂದಲೇ ರಾತ್ರಿಯ ದಾಳಿ ಅರ್ಧಕ್ಕರ್ಧ ಕಮ್ಮಿಯಾಯಿತು.

ಹಸಿವು ಯಾವುದು, ಬೇರೆಯದು ಯಾವುದು ಅಂತ ಗೊತ್ತಾಗದಿದ್ದರೆ ನಿಮ್ಮನ್ನೇ ಕೇಳಿಕೊಳ್ಳಿ: ತಣ್ಣನೆ ಅನ್ನ-ಮಜ್ಜಿಗೆ ಕೊಟ್ಟರೆ ತಿನ್ನುತ್ತೀನಾ? ಹೂಂ ಅಂದರೆ ಹಸಿವೇ, ಕೂತು ಊಟ ಮಾಡಿ. 'ಊಹೂಂ, ಕೋಡುಬಳೆನೇ ಬೇಕು' ಅಂತ ಮನಸ್ಸು ಹಟ ಹಿಡಿದರೆ ವಿಷಯ ಹೊಟ್ಟೆಯದಲ್ಲ.

ಸಿಟ್ಟಿಗೆ ನಾನು ಮಾಡಿದ್ದು: ಒಂಬತ್ತರ ಮೇಲೆ ಗಿರಾಕಿಗಳ ಫೋನು ಎತ್ತುವುದಿಲ್ಲ. ಬಾಗಿಲಿಗೆ ಬೋರ್ಡೇ ಹಾಕಿದ್ದೇನೆ. ಆದರೂ ತಲೆ ಕೆಟ್ಟರೆ ಹತ್ತು ನಿಮಿಷ ಯಾವುದಾದರೂ ಹಳೆ ಬ್ಲೌಸಿನ ಹೊಲಿಗೆ ಬಿಚ್ಚುತ್ತಾ ಕೂರುತ್ತೇನೆ. ಎರಡೂ ಕೈಗೆ ಕೆಲಸ, ಕಣ್ಣಿಗೂ ಕೆಲಸ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ಆಮೇಲೂ ಬೇಕು ಅನ್ನಿಸಿದರೆ ತಿನ್ನುತ್ತೇನೆ. ಹತ್ತು ಸಲದಲ್ಲಿ ನಾಲ್ಕು ಸಲ ತಿನ್ನುತ್ತೇನೆ, ಸುಳ್ಳು ಯಾಕೆ ಹೇಳಲಿ. ಬೇಜಾರಿಗೆ ಹರಿಹರದಲ್ಲಿರುವ ಅಕ್ಕ ಇದ್ದಾಳೆ, ಅವಳಿಗೂ ರಾತ್ರಿ ನಿದ್ದೆ ಬರುವುದಿಲ್ಲ.

ತಿನ್ನುವುದಾದರೆ ಹೀಗೆ: ಮೂರು ಕೋಡುಬಳೆ ತಟ್ಟೆಗೆ ಹಾಕಿಕೊಳ್ಳಿ, ಮುಚ್ಚಳ ಬಿಗಿ ಮಾಡಿ, ಡಬ್ಬಿಯನ್ನು ಮತ್ತೆ ಅದರ ಜಾಗಕ್ಕೆ ಇಟ್ಟು ಬನ್ನಿ. ಕೂತು ತಿನ್ನಿ. ಡಬ್ಬಿಯಿಂದಲೇ ತಿಂದರೆ ಲೆಕ್ಕ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ನಿಂತು ತಿಂದ ಆ ಒಂಬತ್ತು ಕೋಡುಬಳೆಯಲ್ಲಿ ಒಂದರ ರುಚಿಯೂ ನನಗೆ ನೆನಪಿಲ್ಲ. 'ಮನೆಗೇ ತರೋದಿಲ್ಲ' ಅಂತ ಶಪಥ ಮಾಡಿದವರನ್ನು ನೋಡಿದ್ದೇನೆ, ನಾನೂ ಮಾಡಿದ್ದೆ. ಒಂದು ತಿಂದು ಶಪಥ ಮುರಿದರೆ ಸಾಕು, ಮುಳುಗಿದವನಿಗೆ ಚಳಿಯೇನು ಮಳೆಯೇನು, ಡಬ್ಬಿ ಖಾಲಿ.

ಇದು ನನ್ನೊಬ್ಬಳ ದುರ್ಬುದ್ಧಿ ಅಂದುಕೊಂಡಿದ್ದೆ. ಮಗಳು ಒಂದು ಹಳೇ ಪ್ರಯೋಗ ಹೇಳಿದಳು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನುವವರು ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಬೇಕಾದಷ್ಟು ಐಸ್‌ಕ್ರೀಂ ತಿನ್ನಲು ಬಿಟ್ಟರಂತೆ. ಬಾಯಿ ಕಟ್ಟದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಮ್ಮಿ ತಿಂದರು. ಸದಾ ಬಾಯಿ ಕಟ್ಟಿಕೊಂಡಿರುವವರು ಮಾತ್ರ ಏನೂ ಕುಡಿಯದಾಗ ತಿಂದಿದ್ದಕ್ಕಿಂತ ಜಾಸ್ತಿ ತಿಂದರು. ಕೇಳಿ ನನಗಂತೂ ಸಮಾಧಾನವಾಯಿತು.

ಒಂದು ಎಚ್ಚರಿಕೆ. ತಿನ್ನಲು ಕೂತರೆ ನಿಲ್ಲಿಸಲು ಆಗದೆ ಪದೇ ಪದೇ ಹೊಟ್ಟೆ ನೋಯುವಷ್ಟು ತಿನ್ನುವುದು, ತಿಂದದ್ದನ್ನು ಬೇಕಂತಲೇ ವಾಂತಿ ಮಾಡುವುದು, ಅಂಕಿ ನೋಡಿ ಎರಡು ದಿನ ಉಪವಾಸ ಕೂರುವುದು ಇದ್ದರೆ ಅದು ನನ್ನ ಟೇಪಿಗೆ ನಿಲುಕುವ ವಿಷಯವಲ್ಲ, ಡಾಕ್ಟರನ್ನು ಕಾಣಿ. ಎದುರಿಗೆ ಹೇಳಿಕೊಳ್ಳಲು ನಾಚಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಟೇಪು. ಮಷೀನು ಅಟ್ಟದಲ್ಲಿದ್ದ ಎರಡು ತಿಂಗಳು ಇದೇ ನನ್ನ ಲೆಕ್ಕ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಸರಿಯಾಗಿ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ ಹಿಡಿಯಿರಿ. ತಿಂಗಳಿಗೊಮ್ಮೆ ಸಾಕು. ನಮ್ಮ ದೇಶದವರಿಗೆ ಹೆಂಗಸರಲ್ಲಿ 80 ಸೆಂಟಿಮೀಟರ್, ಗಂಡಸರಲ್ಲಿ 90 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು ಅನ್ನುತ್ತಾರೆ. 80 ಅಂದರೆ ಮೂವತ್ತೊಂದೂವರೆ ಇಂಚು. ನನ್ನದು ಮೂವತ್ತೆಂಟು ಇತ್ತು, ಈಗ ಮೂವತ್ತೈದೂವರೆ. ದಾರಿ ಇನ್ನೂ ಇದೆ.

ಅಳತೆ ಕೊಡುವಾಗ ಹೊಟ್ಟೆ ಎಳೆದುಕೊಳ್ಳುವವರೇ ಜಾಸ್ತಿ ನೋಡಿ. ಮೊನ್ನೆ ಬಂದ ಹುಡುಗಿಯೂ ಹಾಗೇ ಮಾಡಿ, "ಒಂದಿಂಚು ಕಮ್ಮಿನೇ ಹಿಡೀರಿ ಆಂಟಿ, ಮದುವೆ ಹೊತ್ತಿಗೆ ಇಳೀತೀನಿ" ಅಂದಳು. ಇಂಥ ಬ್ಲೌಸುಗಳು ಮದುವೆಗೆ ನಾಲ್ಕು ದಿನ ಇರುವಾಗ ಬಿಚ್ಚಿ ಬಿಡಿಸಲು ವಾಪಸ್ ಬರುತ್ತವೆ, ಹಿಂದೆಯೇ ಅಳುತ್ತಾ ಹುಡುಗಿಯೂ. ಇವಳದನ್ನು ಇರುವ ಅಳತೆಗೇ ಕತ್ತರಿಸಿದ್ದೇನೆ. ನಿಜವಾಗಿ ಇಳಿದರೆ ಪಕ್ಕದ ಹೊಲಿಗೆ ಒಳಗೆ ಹಾಕಿಕೊಡುತ್ತೇನೆ, ಅದಕ್ಕೆ ಐವತ್ತು ರೂಪಾಯಿ ಅಂತ ಮೊದಲೇ ಹೇಳಿದ್ದೇನೆ.