ಕ್ಯೂರೆಟ್ ಹಿಡಿಯೋಕಿಂತ ಮೊದ್ಲ ಹಳೇ ಹೊಲಿಗಿ ಕಲಿ ನೋಡ್ರಿ

ಹಾರ್ಟ್‌ಬೀಟ್ ಇಲ್ಲ ಅಂತ ಸ್ಕ್ಯಾನಿಂಗ್ ಚೀಟಿ ಹಿಡ್ಕೊಂಡು ಬಂದವ್ರಿಗೆ ಗರ್ಭಚೀಲ ಕ್ಲೀನಿಂಗ್ ಮಾಡೋದು ನಮಗ ದಿನಾ ಇರೋ ಕೆಲಸ, ಹದಿನೈದು ನಿಮಿಷದ್ದು. ಅದಕ್ಕ ನಾನು ಯಾವತ್ತೂ ಅಂಜಿದಾಕಿ ಅಲ್ಲ. ಅಂಜಿಕಿ ಕಲಿಸಿದಾಕಿ ಯಾದಗಿರಿ ಕಡಿಂದ ಬಂದ ಒಬ್ಬ ಹೆಣ್ಮಗಳು. ಎರಡು ಸಿಜೇರಿನ್ ಆಗಿದ್ವು, ಮೂರನೇದು 10 ವಾರಕ್ಕ ನಿಂತುಬಿಟ್ಟಿತ್ತು. ರಿಪೋರ್ಟ್‌ನಾಗ ಮಿಸ್ಡ್ ಅಬಾರ್ಷನ್ ಅಂತ ಒಂದೇ ಲೈನ್. ಸ್ಯಾಕ್, ಅಂದ್ರ ಗರ್ಭ ಇರೋ ಪೊರೆ, ಎಲ್ಲಿ ಕೂತದ, ಹಳೇ ಹೊಲಿಗಿಗೆ ಎಷ್ಟು ಹತ್ರ ಅದ ಅಂತ ಬರ್ದಿರ್ಲಿಲ್ಲ, ನಾನೂ ಕೇಳ್ಲಿಲ್ಲ.

ಸಕ್ಷನ್ ಹಚ್ಚಿದ್ರ ಅರ್ಧ ಬಂತು, ಉಳಿದದ್ದು ಕೆಳಗಿನ ಗೋಡಿಗೆ ಗೋಂದು ಹಚ್ಚಿದಂಗ ಕೂತಿತ್ತು, ನಾನು ಕ್ಯೂರೆಟ್, ಅಂದ್ರ ಕೆರೆಯೋ ಚಮಚದಂಥಾ ಸಲಕರಣೆ, ತಗೊಂಡು ಇನ್ನೊಂದ್ ಸಲ ಕೆರದೆ. ಅದೇ ತಪ್ಪು. ನಳ ಬಿಟ್ಟಂಗ ರಕ್ತ. ಆಕ್ಸಿಟೋಸಿನ್, ಮೆಥರ್ಜಿನ್, ಕಾರ್ಬೋಪ್ರೋಸ್ಟ್ ಎಲ್ಲಾ ಹಾಕಿದ್ರೂ ಲೆಕ್ಕಕ್ಕಿಲ್ಲ, ಯಾಕಂದ್ರ ಈ ಔಷಧ ಕೆಲಸ ಮಾಡೋದು ಸ್ನಾಯು ಬಿಗಿಸಿ ರಕ್ತನಾಳ ಒತ್ತಿಹಿಡ್ಯೋದ್ರಿಂದ, ಆ ಕಲಿ ಜಾಗದಾಗ ಬಿಗಿಲಿಕ್ಕ ಸ್ನಾಯು ಎಲ್ಲದ? ಫೋಲೀಸ್ ಬಲೂನ್ ಒಳಗ ಉಬ್ಬಿಸಿ ಒತ್ತಿ ನೋಡಿದೆ, ಅದೂ ನಿಲ್ಲಲಿಲ್ಲ, ಕಡೀಕ ಜೀವ ಉಳಿಸ್ಲಿಕ್ಕ ಚೀಲ ತೆಗೀಬೇಕಾತು. ಹೊರಗ ಕೂತಿದ್ದ ಆಕಿ ಅತ್ತಿ "ಬರೀ ಕ್ಲೀನಿಂಗ್ ಅಂದಿದ್ರಲ್ರೀ ಮೇಡಂ" ಅಂದ್ಳು, ನನ್ ಹತ್ರ ಉತ್ತರ ಇರ್ಲಿಲ್ಲ.

ಪ್ಯಾಥಾಲಜಿ ರಿಪೋರ್ಟ್ ಬಂತು, ಅಕ್ರೀಟಾ, ಅಂದ್ರ ಮಾಸ (ಪ್ಲಾಸೆಂಟಾ) ಬಿಡದಂಗ ಚೀಲದ ಸ್ನಾಯುಗೇ ಅಂಟಿಕೊಳ್ಳೋದು. ಮಾಸ ಮತ್ತ ಚೀಲದ ಸ್ನಾಯು ನಡುವೆ ಡೆಸಿಡುವಾ ಅನ್ನೋ ಪದರ ಇರ್ತದ, ಅದು ಇದ್ರೇನೇ ಮಾಸ ಸುಲಭ ಬಿಡ್ತದ. ಸಿಜೇರಿನ್ ಕಲಿ ಮ್ಯಾಲ, ಇಲ್ಲಾ ಹಿಂದ ಜೋರಾಗಿ ಕೆರೆದ ಜಾಗದಾಗ ಆ ಪದರ ಸರಿಯಾಗಿ ಬೆಳ್ಯಂಗಿಲ್ಲ, ಬೇರು ಸೀದಾ ಸ್ನಾಯುಗೇ ಹಿಡೀತಾವ. ಇದು ದಿನ ತುಂಬಿದ ಮ್ಯಾಲ ಕಾಣೋ ಕಾಯಿಲೆ ಅಂತ ತಲ್ಯಾಗ ಕೂತಿತ್ತು ನನಗ, 8-10 ವಾರಕ್ಕೂ ಕಾಡ್ತದ ಅಂತ ಓದಿದ್ದೆ ಖರೆ, ನೋಡಿರ್ಲಿಲ್ಲ.

ಆಮ್ಯಾಲ ಇನ್ನೊಬ್ಬಾಕಿ ಬಂದ್ಳು, ಆಕಿಗೂ ಸಿಜೇರಿನ್ ಆಗಿತ್ತು. ಡಾಕ್ಟರ್ ನೋಡಿ ಕೊಡಬೇಕಾದ ಗರ್ಭ ಇಳಿಸೋ ಗುಳಿಗಿ ಯಾವ್ದೋ ಮೆಡಿಕಲ್ ಶಾಪ್‌ನಾಗ ತಗೊಂಡು ನುಂಗಿದ್ಳು, ತಿಂಗಳ ಮ್ಯಾಲಾದ್ರೂ ಸ್ವಲ್ಪ ಸ್ವಲ್ಪ ರಕ್ತ ಹೋಗ್ಲಾಕತ್ತಿತ್ತು. ಎಲ್ಲಾರೂ ಕ್ಲೀನ್ ಮಾಡಿಬಿಡ್ರಿ ಅಂದ್ರು. ನಾನು ಮೊದ್ಲ ಕಲರ್ ಡಾಪ್ಲರ್, ಅಂದ್ರ ರಕ್ತ ಓಡಾಟ ತೋರ್ಸೋ ಸ್ಕ್ಯಾನ್, ಮಾಡ್ಸಿದೆ: ಕಲಿ ಜಾಗದಾಗ ಗಡ್ಡಿ, ಅದರಿಂದ ರಕ್ತನಾಳ ಸ್ನಾಯು ಒಳಗ ಹೊಕ್ಕಿದ್ವು, ಹೊರಗಿನ ಗೋಡಿ ತೆಳುವು. ಬೀಟಾ ಎಚ್‌ಸಿಜಿ ಅನ್ನೋ ಬಸಿರಿನ ಹಾರ್ಮೋನ್ ಇಳಿದಿತ್ತು, ಆಕಿ ಗಟ್ಟಿ ಇದ್ಳು. ಕೈ ಹಚ್ಚಲಿಲ್ಲ. ಜೋರಾದ್ರ ಹೈದರಾಬಾದಿಗೆ ಕಳಿಸಿ ಎಂಬೊಲೈಸೇಷನ್ ಮಾಡಿಸಿ ಗರ್ಭಕೋಶದ ರಕ್ತನಾಳ ಮುಚ್ಚಿಸ್ಬೇಕು ಅಂತ ಮಾತಾಡಿ ಇಟ್ಟೆ, ಚೀಲ ಹೋಗಬಹುದು ಅಂತ ಮೊದ್ಲೇ ಹೇಳಿ ಸಹಿ ತಗೊಂಡೆ, ರಕ್ತದ ಗುಂಪು ನೋಡಿ ಬಾಟ್ಲಿ ಹೇಳಿಟ್ಟೆ. ಊರಿಗೆ ಕಳಿಸ್ಲಿಲ್ಲ, ಇಲ್ಲೇ ಕಲಬುರಗಿ ಶಹಾಬಜಾರ್‌ನಾಗ ಅವರ ಚಿಗವ್ವನ ಮನ್ಯಾಗ ಇರು ಅಂದೆ, ರಾತ್ರಿ ರಕ್ತ ಜೋರಾದ್ರ ಹಳ್ಳಿಂದ ಬರೋತನಕ ಮುಗೀತದಲ್ರಿ.

ವಾರಕ್ಕೊಮ್ಮೆ ಟೆಸ್ಟ್, ಡಾಪ್ಲರ್. ಎರಡು ತಿಂಗಳಿಗೆ ರಕ್ತ ಓಡಾಟ ಬಹಳ ಕಮ್ಮಿ ಆತು, ಆವಾಗ ಹಿಸ್ಟೆರೋಸ್ಕೋಪ್ ಅನ್ನೋ ಸಣ್ಣ ದುರ್ಬೀನು ಚೀಲದೊಳಗ ಹಾಕಿ ಕಣ್ಣಿಲೆ ನೋಡ್ತಾ ಉಳಿದಷ್ಟನ್ನ ತೆಗದ್ವಿ. ಚೀಲ ಉಳೀತು.

ಮುಂದ ಬಸಿರಾಗ್ಬಹುದಾ ಅಂತ ಕೇಳಿದ್ಳು. ಆಗಬಹುದವ್ವಾ, ಆದ್ರ ಮುಟ್ಟು ತಪ್ಪಿ ಎರಡು ವಾರಕ್ಕ ಬಂದು ಸ್ಕ್ಯಾನ್ ಮಾಡ್ಸು, ಎಲ್ಲಿ ಕೂತದಂತ ನೋಡ್ಬೇಕು ಅಂದೆ.