ಸಸ್ಯಶಾಸ್ತ್ರದಿಂದ ಅರ್ಥಶಾಸ್ತ್ರದ ಎಂ.ಎ.ಗೆ: ತುಷ್ಟಿಗುಣದ ಲೆಕ್ಕ ಬಗೆಹರಿದ ಕ್ರಮ

ಮಡಿಕೇರಿಯಲ್ಲಿ ಸಸ್ಯಶಾಸ್ತ್ರದ ಪದವಿ ಮುಗಿಸಿ ಅರ್ಥಶಾಸ್ತ್ರದ ಎಂ.ಎ. ಪ್ರವೇಶ ಪರೀಕ್ಷೆಗೆ ಓದುವಾಗ, ಬೇಡಿಕೆಯ ವಿವರಣೆ ಅರ್ಥವಾಗುತ್ತಿದ್ದರೂ ಗರಿಷ್ಠ ತುಷ್ಟಿಗುಣದ (ಸರಕಿನ ಬಳಕೆಯಿಂದ ಸಿಗುವ ತೃಪ್ತಿಯ ಅಳತೆ) ಲೆಕ್ಕವನ್ನು ಬಿಡಿಸಲಾಗುತ್ತಿರಲಿಲ್ಲ. ಸೂತ್ರಗಳ ಕಂಠಪಾಠವಾಗಲಿ ಹಳೆಯ ಪ್ರಶ್ನೆಪತ್ರಿಕೆಗಳಾಗಲಿ ನೆರವಾಗಲಿಲ್ಲ. ವಿಡಿಯೊ ಪಾಠಗಳಂತೂ ಕೊಡಗಿನ ಮಳೆಗಾಲದ ವಿದ್ಯುತ್ತನ್ನು ನಂಬಿ ನಡೆಯುವಂಥವಲ್ಲ.

ಫಲ ಕೊಟ್ಟದ್ದು ಈ ಕ್ರಮ: ಮೊದಲು ಅವಕಲನ (ಒಂದು ಬದಲಾದಂತೆ ಇನ್ನೊಂದು ಬದಲಾಗುವ ದರವನ್ನು ಕಂಡುಹಿಡಿಯುವುದು), ಬಳಿಕ ಆಂಶಿಕ ಅವಕಲನ (ಉಳಿದವನ್ನು ಸ್ಥಿರವಾಗಿಟ್ಟು ಒಂದರಿಂದಾಗುವ ಬದಲಾವಣೆಯ ದರ), ಅನಂತರವೇ ಲಗ್ರಾಂಜ್ ವಿಧಾನ (ಆದಾಯದಂಥ ಮಿತಿಯೊಳಗೆ ಗರಿಷ್ಠವನ್ನು ಕಂಡುಹಿಡಿಯುವ ಕ್ರಮ). ಕಾಫಿಯ ಪ್ರಮಾಣ ‘ಕ’, ಬೆಲ್ಲದ ಪ್ರಮಾಣ ‘ಬ’, ತುಷ್ಟಿಗುಣ ಕ × ಬ, ಬೆಲೆಗಳು ಕ್ರಮವಾಗಿ 2 ಮತ್ತು 4 ರೂಪಾಯಿ, ಆದಾಯ 40 ರೂಪಾಯಿ ಎಂದಿಟ್ಟುಕೊಂಡರೆ, ಆಂಶಿಕ ಅವಕಲನದಿಂದ ಬ = 2ಗ, ಕ = 4ಗ (‘ಗ’ ಎಂಬುದು ಆ ವಿಧಾನದಲ್ಲಿ ಆದಾಯದ ಮಿತಿಗೆ ಜೋಡಿಸುವ ಲಗ್ರಾಂಜ್ ಗುಣಕ) ಎಂದು ದೊರೆತು, ಆದಾಯದ ಸಮೀಕರಣದಲ್ಲಿ (2ಕ + 4ಬ = 40) ಇವನ್ನಿಟ್ಟಾಗ ಕ = 10, ಬ = 5, ಗ = 2.5 ಆಗುತ್ತದೆ. ಆದಾಯವನ್ನು 41 ಮಾಡಿ ಮತ್ತೆ ಬಿಡಿಸಲೇಬೇಕು. ತುಷ್ಟಿಗುಣ 50ರಿಂದ ಸುಮಾರು 52.5ಕ್ಕೇರುವಾಗ ಗುಣಕದ ಅರ್ಥ ತಿಳಿಯುತ್ತದೆ: ಆದಾಯ ಒಂದು ರೂಪಾಯಿ ಹೆಚ್ಚಿದರೆ ತುಷ್ಟಿಗುಣ ಸುಮಾರು ‘ಗ’ದಷ್ಟು ಹೆಚ್ಚುತ್ತದೆ. ಕೊನೆಗೆ ಅಂಕಿಗಳ ಜಾಗದಲ್ಲಿ ಅಕ್ಷರಗಳನ್ನಿಟ್ಟರೆ, ಆದಾಯದ ಅರ್ಧವನ್ನು ಬೆಲೆಯಿಂದ ಭಾಗಿಸಿದ ಬೇಡಿಕೆ ಫಲನವೇ (ಆದಾಯ, ಬೆಲೆಗಳಿಗೆ ತಕ್ಕಂತೆ ಕೊಳ್ಳುವ ಪ್ರಮಾಣವನ್ನು ತಿಳಿಸುವ ಸೂತ್ರ) ಸಿಗುತ್ತದೆ.